ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ, ಯಜಮಾನರದ್ದಾ ಪಂಚಾಯ್ತಿಯದ್ದಾ?

ನೀವು ಅಪ್ಪನ ಊರಿಗೆ ಬಂದು ನೆಲೆಸಬೇಕು ಅಂತಿದ್ದೀರಿ. ಅಲ್ಲಿ ಯಾರ ಮಾತು ನಡೆಯುತ್ತದೆ, ಊರಿನ ಯಜಮಾನರದ್ದಾ, ಗ್ರಾಮ ಪಂಚಾಯ್ತಿಯದ್ದಾ ಅಂತ ಕೇಳಿದ್ದೀರಿ. ನನ್ನದು ಮಂಡ್ಯ ಜಿಲ್ಲೆ, ವಿಶ್ವೇಶ್ವರಯ್ಯ ನಾಲೆ ಬಯಲಿನ ಊರು. ನಮ್ಮಲ್ಲಿ ಎರಡೂ ನಡೆಯುತ್ತದೆ.

ಪಟೇಲರು, ಶಾನುಭೋಗರು 1960ರ ದಶಕದಲ್ಲೇ ಹೋದರು. ಯಜಮಾನರು ಉಳಿದರು. ಮಾರಿಹಬ್ಬ ಯಾವತ್ತು, ಕೆಂಡ ತುಳಿಯುವ ಕೊಂಡಕ್ಕೆ ಸೌದೆ ಯಾರು ತರಬೇಕು, ಅಣ್ಣತಮ್ಮಂದಿರ ಬದುವಿನ ಜಗಳ, ಎಲ್ಲ ಅರಳಿಕಟ್ಟೆ ಮೇಲೆ ತೀರ್ಮಾನವಾಗುತ್ತದೆ. ಹಬ್ಬದ ವಂತಿಗೆ ಮನೆಗಿಷ್ಟು ಅಂತ ಹಾಕಿದರೆ ಜನ ಕೈಸಾಲ ಮಾಡಿಯಾದರೂ ಕೊಡುತ್ತಾರೆ. ಅದೇ ಪಂಚಾಯ್ತಿಯ ಮನೆ ಕಂದಾಯ ವರ್ಷಗಟ್ಟಲೆ ಬಾಕಿ. ಇದಕ್ಕೆ ಜನರನ್ನು ಸುಮ್ನೆ ಬೈಯಬಾರದು. ಹಬ್ಬ ಮುಗಿದ ಮೇಲೆ ಪೆಂಡಾಲಿಗೆ ಎಷ್ಟು, ತಮಟೆಯವರಿಗೆ ಎಷ್ಟು ಅಂತ ಕಟ್ಟೆ ಮೇಲೆ ಲೆಕ್ಕ ಓದುತ್ತಾರೆ. ಕಂದಾಯದ ದುಡ್ಡಿನ ಲೆಕ್ಕವೂ ಹಾಗೇ ಕಿವಿಗೆ ಬೀಳಬೇಕಲ್ವಾ?

ಆದರೆ ಆ ಕಟ್ಟೆ ಮೇಲೆ ಎಲ್ಲ ಕೇರಿಯವರೂ ಕೂರುವುದಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ಅದಕ್ಕೇ ನಾನು ಪಂಚಾಯ್ತಿ ಪರ. ಅಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇದೆ. ಮಹಿಳೆಯರಿಗೆ 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ ಇತ್ತು, 2010ರಿಂದ ಅರ್ಧ. ಹೆಂಡತಿ ಮೆಂಬರ್, ಅಧಿಕಾರ ಗಂಡನದ್ದು ಅನ್ನುವ ಕಡೆಗಳೂ ಇವೆ, ಸುಳ್ಳು ಹೇಳುವುದಿಲ್ಲ. ಆದರೂ ಪಂಚಾಯ್ತಿಯ ಮತದಾರರೆಲ್ಲ ಸೇರುವ ಗ್ರಾಮಸಭೆಯಲ್ಲಿ ಎದ್ದು ಕೇಳೋಕೆ ಮೆಂಬರ್ ಆಗಿರಬೇಕು ಅಂತೇನಿಲ್ಲ.

ಒಂದು ಸಲ ನಮ್ಮ ಬೀದಿಯ ಕೊನೆ ಮನೆಗಳಿಗೆ ನಲ್ಲಿ ನೀರೇ ಬರುತ್ತಿರಲಿಲ್ಲ. ವಾಲ್ವ್ ಬಿಟ್ಟ ತಕ್ಷಣ ಮೇಲಿನ ಮನೆಯವರು ಮೋಟರ್ ಹಾಕಿ ಎಳೆದುಕೊಳ್ಳುತ್ತಿದ್ದರು. ಶಾಲೆ ಅಂಗಳದಲ್ಲಿ ಗ್ರಾಮಸಭೆ. ಅಧಿಕಾರಿ ಯೋಜನೆಗಳ ಪಟ್ಟಿ ಓದುತ್ತಿದ್ದರು. ನಮ್ಮ ಚಿಕ್ಕಮ್ಮ ಸೊಂಟದ ಮೇಲೆ ಖಾಲಿ ಬಿಂದಿಗೆ ಇಟ್ಟುಕೊಂಡೇ ಬಂದರು. ಮೇಜಿನ ಮೇಲೆ ಕುಕ್ಕಿದರು. "ಸಾರ್, ಇದು ತುಂಬೋದು ಯಾವತ್ತು ಅಂತ ಮೊದ್ಲು ಬರ್ಕಳಿ, ಮಿಕ್ಕಿದ್ದ ಆಮೇಲೆ ಓದ್ರಿ" ಅಂದರು. ಹಿಂದೆ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು.

ನಡಾವಳಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಚಿಕ್ಕಮ್ಮನಿಗೆ ಓದು ಬರುವುದಿಲ್ಲ. "ಅದೇನ್ ಬರ್ದವ್ರೆ ಓದ್ಲಾ ಮಗ" ಅಂತ ನನ್ನ ಕೈಲಿ ಓದಿಸಿದರು. "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತಷ್ಟೇ ಇತ್ತು. ಬೀದಿ ಹೆಸರು, ಮಾಡಬೇಕಾದ ಕೆಲಸ, ತಾರೀಖು ಮೂರೂ ಸೇರಿಸುವ ತನಕ ಅವರು ಹೆಬ್ಬೆಟ್ಟು ಒತ್ತಲಿಲ್ಲ. ಎರಡು ತಿಂಗಳಿಗೆ ನಮ್ಮ ಬೀದಿಗೆ ಬೇರೆ ವಾಲ್ವ್ ಬಂತು. ಇವತ್ತೂ ಬೆಳಿಗ್ಗೆ ಆ ನಲ್ಲಿ ಸದ್ದು ಕೇಳಿದರೆ ನನಗೆ ಆ ಹೆಬ್ಬೆಟ್ಟೇ ನೆನಪಾಗುತ್ತದೆ.

ಹಾಗಾಗಿ ನೀವು ಬಂದ ಮೇಲೆ ವಂತಿಗೆ ಕೊಡಿ, ಕಟ್ಟೆಗೂ ಹೋಗಿ ಕೂರಿ, ಅದರಲ್ಲಿ ಊರಿನ ಪ್ರೀತಿ ಇದೆ. ಆದರೆ ವಾರ್ಡ್ ಸಭೆ ಮಾತ್ರ ತಪ್ಪಿಸಬೇಡಿ. ಸರ್ಕಾರದ ಮನೆ ಯಾರಿಗೆ, ಉದ್ಯೋಗ ಖಾತ್ರಿಯಲ್ಲಿ ಯಾವ ಕೆಲಸ ಅನ್ನುವ ಪಟ್ಟಿ ಅಲ್ಲಿಂದಲೇ ಗ್ರಾಮಸಭೆಗೆ ಹೋಗುವುದು. ಆರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಲೇಬೇಕು. ನಮ್ಮೂರಲ್ಲಿ ಮೊದಲು ತಮಟೆ ಹೊಡೆದು ಸಾರುತ್ತಿದ್ದರು. ಈಗ ಕಸದ ಆಟೋ ಮೈಕಿನಲ್ಲಿ ಕೂಗುತ್ತಾರೆ, ಬೆಳಿಗ್ಗೆ ಸ್ವಲ್ಪ ಕಿವಿ ಆ ಕಡೆ ಇಟ್ಟಿರಿ.