ಹತ್ತಕ್ಕೆ ಎಂಟು ಅಂಕ, ಯಾವ ಪ್ರಜಾಪ್ರಭುತ್ವಕ್ಕೆ?

ಪ್ರಶ್ನೆ: ಚುನಾವಣೆಯೇ ನಡೆಯದ, ನಡೆದರೂ ಆಳುವವರು ಬದಲಾಗದ ದೇಶಗಳ ಜನರೂ ಸಮೀಕ್ಷೆಗಳಲ್ಲಿ 'ನಮಗೆ ಪ್ರಜಾಪ್ರಭುತ್ವ ಮುಖ್ಯ' ಎನ್ನುತ್ತಾರಂತೆ. ಹೆದರಿ ಹಾಗೆ ಹೇಳುತ್ತಾರೋ?

ಹೆದರಿಕೆಯ ಪಾಲು ಸ್ವಲ್ಪ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಆ ಪದದೊಳಗೆ ಯಾರು ಏನನ್ನು ತುಂಬಿಕೊಂಡಿದ್ದಾರೆ ಎಂಬುದು. ಹಲವು ದೇಶಗಳ ಜನರ ನಂಬಿಕೆ, ಮೌಲ್ಯಗಳನ್ನು ಕೇಳಿ ನೋಡುವ, 1981ರಲ್ಲಿ ಶುರುವಾದ ವಿಶ್ವ ಮೌಲ್ಯಗಳ ಸಮೀಕ್ಷೆಯಲ್ಲಿ ಇದನ್ನು ಬಿಡಿಸಿ ನೋಡಲೆಂದೇ ಒಂದು ಪಟ್ಟಿಯಿದೆ. ಜನ ಮುಕ್ತ ಚುನಾವಣೆಯಲ್ಲಿ ನಾಯಕರನ್ನು ಆರಿಸುವುದು, ನಾಗರಿಕ ಹಕ್ಕುಗಳ ರಕ್ಷಣೆ, ಹೆಣ್ಣು ಗಂಡಿಗೆ ಸಮಾನ ಹಕ್ಕು, ಶ್ರೀಮಂತರಿಗೆ ತೆರಿಗೆ ಹಾಕಿ ಬಡವರಿಗೆ ನೆರವು, ನಿರುದ್ಯೋಗಿಗಳಿಗೆ ಸರ್ಕಾರದ ಸಹಾಯ ಇವೆಲ್ಲ ಅದರಲ್ಲಿವೆ. ನಡುವೆ ಬೇರೆ ಜಾತಿಯ ಸಾಲುಗಳೂ ಸೇರಿಕೊಂಡಿವೆ: ಸರ್ಕಾರ ಅಸಮರ್ಥವಾದರೆ ಸೇನೆ ಆಡಳಿತ ವಹಿಸಿಕೊಳ್ಳುವುದು, ಕಾನೂನಿನ ಅರ್ಥವನ್ನು ಕೊನೆಗೆ ಧರ್ಮಾಧಿಕಾರಿಗಳೇ ಹೇಳುವುದು, ಇತ್ತೀಚಿನ ಸುತ್ತಿನಲ್ಲಿ 'ಜನ ಆಳುವವರಿಗೆ ವಿಧೇಯರಾಗಿರುವುದು'. ಪ್ರತಿಯೊಂದೂ ಪ್ರಜಾಪ್ರಭುತ್ವಕ್ಕೆ ಎಷ್ಟು ಅಗತ್ಯ ಎಂದು 1ರಿಂದ 10ರವರೆಗೆ ಅಂಕ ಕೊಡಬೇಕು.

ಚುನಾವಣೆಗೆ 9 ಕೊಟ್ಟವರೇ ಸೇನೆಯ ಸಾಲಿಗೂ 9 ಕೊಟ್ಟಿದ್ದರೆ, ಅವರ 'ಪ್ರಜಾಪ್ರಭುತ್ವ ಬೇಕು' ಎಂಬ ಮಾತನ್ನು ಬೇರೆಯೇ ಲೆಕ್ಕಕ್ಕೆ ಹಾಕಬೇಕಾಗುತ್ತದೆ. ಹಾಗೆ ಉತ್ತರಿಸುವವರು ಸುಳ್ಳು ಹೇಳುತ್ತಿಲ್ಲ. ಚೀನಾದಲ್ಲಿ 'ಮಿನ್‌ಬೆನ್' ಎಂಬ ಹಳೆಯ ವಿಚಾರವಿದೆ. ಜನರೇ ರಾಜ್ಯದ ಬುಡ, ಅವರ ಹಿತ ನೋಡುವುದು ಅರಸನ ಕೆಲಸ ಎಂದು ಅದರ ಅರ್ಥ. ಜನ ಎಲ್ಲಕ್ಕಿಂತ ಮುಖ್ಯ, ಅರಸ ಕೊನೆಯವನು ಎಂದು ಅಲ್ಲಿನ ತತ್ತ್ವಜ್ಞಾನಿ ಮೆನ್ಸಿಯಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಹೇಳಿದ್ದ. ಆದರೆ ಆ ಅರಸನನ್ನು ಆರಿಸುವವರು ಜನ ಎಂದು ಅವನು ಹೇಳಲಿಲ್ಲ. ಜನರ ಹೊಟ್ಟೆಬಟ್ಟೆ ನೋಡುವ ಸರ್ಕಾರವೇ ಪ್ರಜಾಪ್ರಭುತ್ವ ಎಂದುಕೊಂಡವರು ಮತಪೆಟ್ಟಿಗೆಯಿಲ್ಲದೆಯೂ ತಮ್ಮ ಸರ್ಕಾರಕ್ಕೆ ಒಳ್ಳೆಯ ಅಂಕ ಕೊಟ್ಟಾರು.

ಬಡ ದೇಶಗಳಲ್ಲಿ ಪ್ರಜಾಪ್ರಭುತ್ವವೆಂದರೆ ಅನ್ನ, ಸಿರಿವಂತ ದೇಶಗಳಲ್ಲಿ ಸ್ವಾತಂತ್ರ್ಯ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಪಟ್ಟಿ ಕೊಡದೆ 'ನಿಮ್ಮ ಪಾಲಿಗೆ ಇದರ ಅರ್ಥವೇನು' ಎಂದು ಕೇಳಿದಾಗ, ಬಡ ದೇಶಗಳಲ್ಲೂ ಸ್ವಾತಂತ್ರ್ಯ, ಹಕ್ಕು ಎಂಬ ಉತ್ತರವೇ ಸಾಮಾನ್ಯವಾಗಿ ಮುಂದಿರುತ್ತದೆ. ಪಟ್ಟಿ ಓದಿ ಹೇಳಿದರೆ ಎಲ್ಲವೂ ಬೇಕೆನಿಸುತ್ತದೆ, ಏಕೆಂದರೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಿ ಎಂದು ಯಾರೂ ಒತ್ತಾಯಿಸುವುದಿಲ್ಲ.

ಪ್ರಶ್ನೆ: ಹಾಗಾದರೆ ಒಂದು ದೇಶದ 8 ಅಂಕವನ್ನು ಇನ್ನೊಂದು ದೇಶದ 6ರ ಪಕ್ಕ ಇಟ್ಟು ನೋಡುವುದೇ ತಪ್ಪೇ?

ಹಾಗೇ ಇಟ್ಟರೆ ತಪ್ಪು. ರಾಜಕೀಯ ಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದಕ್ಕೊಂದು ಮದ್ದಿದೆ. 'ನಿಮಗೆ ಮುಖ್ಯವಾದ ವಿಷಯಗಳನ್ನು ಸರ್ಕಾರ ಗಮನಿಸುವಂತೆ ಮಾಡುವುದರಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ?' ಎಂದು ಚೀನಾ, ಮೆಕ್ಸಿಕೋ ಎರಡೂ ಕಡೆ ಕೇಳಲಾಯಿತು. 1929ರಿಂದ ಆಳುತ್ತಿದ್ದ ಪಕ್ಷವನ್ನು ಮೆಕ್ಸಿಕೋದ ಮತದಾರರು 2000ದಲ್ಲಷ್ಟೇ ಇಳಿಸಿದ್ದರು. ಆದರೂ ಬರೀ ಉತ್ತರ ನೋಡಿದರೆ 'ನಮ್ಮ ಮಾತು ನಡೆಯುತ್ತದೆ' ಎಂದವರು ಚೀನಾದಲ್ಲೇ ಹೆಚ್ಚು!

ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ಕುಡಿಯುವ ನೀರಿಲ್ಲದ ಕೆಲವು ಕಾಲ್ಪನಿಕ ವ್ಯಕ್ತಿಗಳ ಪುಟ್ಟ ಚಿತ್ರಣಗಳನ್ನು ಓದಿ ಹೇಳಿದರು. ಒಬ್ಬಳು ನೆರೆಹೊರೆಯವರೊಡನೆ ಸೇರಿ, ನೀರು ತರಿಸುತ್ತೇನೆಂದ ವಿರೋಧಿ ಅಭ್ಯರ್ಥಿಯ ಬೆನ್ನಿಗೆ ನಿಂತಿದ್ದಾಳೆ. ಇನ್ನೊಬ್ಬನಿಗೆ ಮತವೂ ಇಲ್ಲ, ಕೇಳುವವರೂ ಇಲ್ಲ, ತೆಪ್ಪಗೆ ಸಹಿಸಿಕೊಂಡಿದ್ದಾನೆ. ಇವರ ಮಾತು ಎಷ್ಟು ನಡೆಯುತ್ತದೆಂದು ಅದೇ ಅಳತೆಯಲ್ಲಿ ಹೇಳಿ ಎಂದರು. ತೆಪ್ಪಗೆ ಸಹಿಸಿಕೊಂಡವನಿಗೆ ತಾವು ಕೊಟ್ಟ ಅಂಕಕ್ಕಿಂತಲೂ ಕೆಳಗೆ ತಮ್ಮನ್ನು ಇಟ್ಟುಕೊಂಡವರು ಚೀನಾದಲ್ಲಿ ಶೇ. 40ಕ್ಕೂ ಹೆಚ್ಚು. ಮೆಕ್ಸಿಕೋದಲ್ಲಿ ಇಂಥವರು ತೀರಾ ಕಡಿಮೆ. ಈ ಚಿತ್ರಣಗಳಿಗೆ ಕೊಟ್ಟ ಅಂಕಕ್ಕೆ ಹೋಲಿಸಿ ಅಳತೆಗೋಲನ್ನು ಸರಿಹೊಂದಿಸಿದ ಮೇಲೆ ಎರಡು ದೇಶಗಳ ಸ್ಥಾನವೇ ಅದಲುಬದಲಾಯಿತು. ಕಡಿಮೆ ನಿರೀಕ್ಷೆಯವರಿಗೆ 'ಸ್ವಲ್ಪ' ಕೂಡ 'ಬಹಳ' ಆಗಿ ಕಂಡೀತು.

ಪ್ರಶ್ನೆ: ಪ್ರಜಾಪ್ರಭುತ್ವವೂ ಬೇಕು, ಗಟ್ಟಿ ನಾಯಕನೂ ಬೇಕು ಎನ್ನುವುದು ಎಡವಟ್ಟಲ್ಲವೇ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ 38 ದೇಶಗಳಲ್ಲಿ ಕೇಳಿತ್ತು. ದೇಶಗಳ ಮಧ್ಯಾಂಕದ ಪ್ರಕಾರ ಪ್ರತಿನಿಧಿ ಪ್ರಜಾಪ್ರಭುತ್ವ ಒಳ್ಳೆಯದೆಂದವರು ಶೇ. 78, ತಜ್ಞರ ಆಡಳಿತ ಶೇ. 49, ಗಟ್ಟಿ ನಾಯಕ ಶೇ. 26, ಸೇನೆ ಶೇ. 24. ಕೂಡಿದರೆ 100 ದಾಟುತ್ತದೆ, ಏಕೆಂದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೇಳಲಾಗಿದೆ. ಜನ ಸೇರಿಸಿಕೊಂಡು ಹೋಗುತ್ತಾರೆ. ಎಡವಟ್ಟಿರುವುದು ಇವುಗಳಲ್ಲಿ ಒಂದೇ ಸಂಖ್ಯೆಯನ್ನು ಎತ್ತಿ ಶೀರ್ಷಿಕೆ ಮಾಡುವುದರಲ್ಲಿ.

ಪ್ರಶ್ನೆ: ಯುವಕರಿಗೆ ಪ್ರಜಾಪ್ರಭುತ್ವ ಬೇಡವಾಗಿದೆ ಎಂದು ಓದಿದ್ದೆ. ನಿಜವೇ?

ಆ ಸುದ್ದಿಯ ಮೂಲ 2016ರಲ್ಲಿ ರಾಜಕೀಯ ಶಾಸ್ತ್ರಜ್ಞರಾದ ಫೋವಾ ಮತ್ತು ಮೌಂಕ್ ಬರೆದ ಲೇಖನ. ಅಮೆರಿಕದಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಹುಟ್ಟಿದವರಲ್ಲಿ ಶೇ. 72, 1980ರ ನಂತರ ಹುಟ್ಟಿದವರಲ್ಲಿ ಸುಮಾರು ಶೇ. 30 ಮಂದಿ ಪ್ರಜಾಪ್ರಭುತ್ವ 'ಅತ್ಯಗತ್ಯ' ಎಂದರು ಎಂಬ ಲೆಕ್ಕ ಅದರಲ್ಲಿತ್ತು. ಕಿತಾಪತಿ ಇರುವುದು 'ಅತ್ಯಗತ್ಯ' ಎಂಬಲ್ಲಿ. 1ರಿಂದ 10ರ ಅಳತೆಯಲ್ಲಿ ಹತ್ತಕ್ಕೆ ಹತ್ತು ಕೊಟ್ಟವರನ್ನು ಮಾತ್ರ ಎಣಿಸಿದ್ದರು. 9 ಕೊಟ್ಟವರು ಬೇಡವೆಂದವರ ಸಾಲಿಗೆ ಸೇರಿದಂತೆ ಕಾಣತೊಡಗಿದರು. ಸರಾಸರಿ ತೆಗೆದರೆ ಅಂತರ ಇದ್ದೇ ಇದೆ, ಆದರೆ ಪ್ರಪಾತವಲ್ಲ, ಇಳಿಜಾರು. ಟೀಕಿಸಿದವರೂ ಇದನ್ನೇ ಎತ್ತಿ ತೋರಿಸಿದರು.

ಪ್ರಶ್ನೆ: ಅನುವಾದದಲ್ಲೇ ಅರ್ಥ ಜಾರುತ್ತದೆಯೇ?

ಜಾರುತ್ತದೆ. ಪ್ರಜಾಪ್ರಭುತ್ವಕ್ಕೆ ಇಂದು ಬಳಸುವ ಚೀನೀ ಪದ 'ಮಿನ್‌ಝು' ಹಳೆಯ ಗ್ರಂಥಗಳಲ್ಲಿ ಜನರ ಒಡೆಯ, ಅಂದರೆ ಅರಸನೇ. ಸೆನೆಗಲ್‌ನ ವೊಲೊಫ್ ಭಾಷಿಕರು 'ದೆಮೊಕರಾಸಿ' ಎಂದಾಗ ಒಮ್ಮತ, ಒಬ್ಬರಿಗೊಬ್ಬರು ಆಗುವುದು, ತಾರತಮ್ಯ ಮಾಡದಿರುವುದು ಎಂಬ ಅರ್ಥಗಳೂ ಹೊಮ್ಮುವುದನ್ನು ರಾಜಕೀಯ ಶಾಸ್ತ್ರಜ್ಞ ಫ್ರೆಡರಿಕ್ ಶಾಫರ್ ಗುರುತಿಸಿದ್ದಾರೆ. ನಮ್ಮ 'ಪ್ರಜೆ'ಯೂ ಸಾಚಾ ಅಲ್ಲ, ಮೂಲದಲ್ಲಿ ಸಂತಾನ, ಆಮೇಲೆ ಅರಸನ ಕೈಕೆಳಗಿನವನು. ಅವನಿಗೆ 'ಪ್ರಭುತ್ವ' ಅಂಟಿಸಿ ಪದ ಕಟ್ಟಿದ್ದೇವೆ.

ಪ್ರಶ್ನೆ: ಕಾಲೇಜಿನಲ್ಲಿ ಈ ವಿಷಯದ ಮೇಲೆ ಸಣ್ಣ ಸಮೀಕ್ಷೆ ಮಾಡಬೇಕು. ಎಲ್ಲಿ ಎಡವುತ್ತೇವೆ?

ಮೊದಲು ಪ್ರಶ್ನೆಗಳ ಸರದಿಯಲ್ಲಿ. 'ಅರ್ಥವೇನು' ಎಂಬ ಮುಕ್ತ ಪ್ರಶ್ನೆ ಪಟ್ಟಿಗಿಂತ ಮುಂಚೆ ಬರಬೇಕು, ಇಲ್ಲದಿದ್ದರೆ ನಿಮ್ಮ ಪಟ್ಟಿಯನ್ನೇ ನಿಮಗೆ ಒಪ್ಪಿಸುತ್ತಾರೆ. ಎರಡನೆಯದು, 'ಎಷ್ಟು ಮುಖ್ಯ', 'ಈಗ ಎಷ್ಟು ಚೆನ್ನಾಗಿ ನಡೆಯುತ್ತಿದೆ' ಎಂಬೆರಡನ್ನು ಬೆರೆಸಬೇಡಿ. ಎರಡನೆಯ ಉತ್ತರ ಕಳೆದ ಚುನಾವಣೆಯಲ್ಲಿ ಗೆದ್ದವರ ಪರ ಇದ್ದವರಲ್ಲಿ ಸಾಮಾನ್ಯವಾಗಿ ಮೇಲಿರುತ್ತದೆ, ಆದ್ದರಿಂದ ಯಾರಿಗೆ ಮತ ಹಾಕಿದ್ದರೆಂದು ಕೊನೆಯಲ್ಲಿ ಕೇಳಿ, ಹೇಳಲೊಲ್ಲದವರನ್ನು ಬಿಡಿ. 'ಗೊತ್ತಿಲ್ಲ' ಎಂಬುದನ್ನು ಓದಿ ಹೇಳಬೇಡಿ, ತಾವಾಗಿ ಹೇಳಿದರೆ ಬರೆದುಕೊಳ್ಳಿ. ಅದನ್ನು ನಡುವಿನ 5ಕ್ಕೆ ಸೇರಿಸುವುದು ಮಾತ್ರ ದೊಡ್ಡ ತಪ್ಪು.

ಆಫ್ರಿಕಾದ ದೇಶಗಳಲ್ಲಿ ಜನಾಭಿಪ್ರಾಯ ಕೇಳುವ ಆಫ್ರೋಬ್ಯಾರೊಮೀಟರ್ ಸಮೀಕ್ಷೆ ಒಂದು ದೇಶದಲ್ಲಿ 1200 ಅಥವಾ 2400 ಮಂದಿಯನ್ನು ಎದುರು ಕೂರಿಸಿ ಮಾತನಾಡಿಸುತ್ತದೆ. 1200 ಮಂದಿಗೆ ಏರುಪೇರು, ಅಂದರೆ ಬಂದ ಶೇಕಡಾ ಅಂಕಿ ನಿಜದಿಂದ ಆಚೀಚೆ ಹೋಗಬಹುದಾದ ಅಂತರ, ಸುಮಾರು ±3 ಅಂಶ. ನೀವು ಯಾದೃಚ್ಛಿಕವಾಗಿ 100 ಮಂದಿಯನ್ನು ಆರಿಸಿದರೂ ಅದು ±10ರ ಹತ್ತಿರ, ಅದರೊಳಗೆ 25 ಹುಡುಗಿಯರನ್ನು ಬೇರ್ಪಡಿಸಿದರೆ ±20. ಹುಡುಗಿಯರು ಶೇ. 60, ಹುಡುಗರು ಶೇ. 52 ಎಂದು ಬಂದರೆ ವರದಿಯಲ್ಲಿ 'ವ್ಯತ್ಯಾಸವಿದೆ' ಎಂದು ಬರೆಯಬೇಡಿ.