ಮೂರನೇ ತಂಡಕ್ಕೆ ಏನು ಸಿಗುತ್ತೆ?

ಪ್ರಶ್ನೆ: ಸರ್, ನಾನು ಅಮೆರಿಕದ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಯಾಂಕೀಸ್‌ನ ಅಭಿಮಾನಿ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್ (ಚೆಂಡೆಸೆಯುವವ) ಪಾಲ್ ಸ್ಕೀನ್ಸ್ ನಮ್ಮ ತಂಡಕ್ಕೆ ಬರಬೇಕು ಅಂತ ಮೂರು ತಂಡಗಳ ಟ್ರೇಡ್ (ಆಟಗಾರರ ಅದಲುಬದಲು) ಒಂದನ್ನು ಯೋಚಿಸಿದ್ದೇನೆ. ಸ್ಕೀನ್ಸ್ ಯಾಂಕೀಸ್‌ಗೆ. ಸಿಯಾಟಲ್ ಮ್ಯಾರಿನರ್ಸ್‌ನ ಇಬ್ಬರು ಎಳೆಯ ಪಿಚರ್‌ಗಳು, ನಮ್ಮ ಎಳೆಯ ಹಿಟ್ಟರ್ (ಬ್ಯಾಟ್ ಬೀಸುವವ) ಸ್ಪೆನ್ಸರ್ ಜೋನ್ಸ್, ಜೊತೆಗೆ ನಮ್ಮ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ಆರಿಸುವ ಸರದಿ) ಪೈರೇಟ್ಸ್‌ಗೆ. ನಮ್ಮ ಹಿರಿಯ ಹಿಟ್ಟರ್ ಜಿಯಾನ್‌ಕಾರ್ಲೊ ಸ್ಟಾಂಟನ್ ಮ್ಯಾರಿನರ್ಸ್‌ಗೆ. ಎಲ್ಲರಿಗೂ ಲಾಭ ಅಲ್ವಾ? ಗೆಳೆಯರು ನಗುತ್ತಾರೆ.

ಉತ್ತರ: ಗೆಳೆಯರು ನಕ್ಕಿದ್ದು ಸ್ಟಾಂಟನ್ ಹೆಸರು ಬಂದಾಗಲೇ ಇರಬೇಕು. ಅವರ ಒಪ್ಪಂದದಲ್ಲಿ ಟ್ರೇಡ್ ಬೇಡ ಅನ್ನುವ ಹಕ್ಕಿದೆ. ಅದನ್ನು ಸುಮ್ನೆ ಕಾಗದದಲ್ಲಿ ಇಟ್ಟುಕೊಂಡವರೂ ಅಲ್ಲ. 2017ರಲ್ಲಿ ಮಯಾಮಿ ಮಾರ್ಲಿನ್ಸ್ ಅವರನ್ನು ಸೇಂಟ್ ಲೂಯಿಸ್‌ಗೋ ಸ್ಯಾನ್ ಫ್ರಾನ್ಸಿಸ್ಕೊಗೋ ಕಳಿಸಲು ಮಾತುಕತೆ ಮುಗಿಸಿದ್ದಾಗ ಎರಡಕ್ಕೂ ಒಲ್ಲೆ ಅಂದು, ಆಮೇಲೆ ನಿಮ್ಮ ಯಾಂಕೀಸ್‌ಗೆ ಬಂದರು. ಸಾಲದ್ದಕ್ಕೆ, ಹತ್ತು ವರ್ಷ ಮೇಜರ್ ಲೀಗ್‌ನಲ್ಲಿ ಆಡಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರಿಗೆ ನಿಯಮವೇ ಆ ಹಕ್ಕನ್ನು ಕೊಡುತ್ತದೆ. ಅದೂ ಅವರ ಬಳಿ ಇದೆ.

ಡ್ರಾಫ್ಟ್ ಆಯ್ಕೆಯನ್ನೂ ಹೊಡೆದುಹಾಕಿ. ಬೇಸ್‌ಬಾಲ್‌ನಲ್ಲಿ ಈಗಿನ ನಿಯಮದ ಪ್ರಕಾರ ಮೊದಲ ಸುತ್ತಿನ ಮಾಮೂಲಿ ಆಯ್ಕೆಯನ್ನು ಟ್ರೇಡ್ ಮಾಡುವ ಹಾಗಿಲ್ಲ. ಸಣ್ಣ ತಂಡಗಳಿಗೆ ಸಿಗುವ ಕೆಲವು ಹೆಚ್ಚುವರಿ ಆಯ್ಕೆಗಳನ್ನು ಮಾತ್ರ ಕೊಡಬಹುದು, ಯಾಂಕೀಸ್‌ನಂಥ ದೊಡ್ಡ ಕುಳಕ್ಕೆ ಅವು ಸಿಗುವುದೇ ಇಲ್ಲ.

ಇವೆಲ್ಲ ನಿಯಮದ ಮಾತು, ತಿದ್ದಿಕೊಳ್ಳಬಹುದು. ನನಗೆ ನಿಜವಾಗಿ ಅಡ್ಡ ಬರುವುದು ಬೇರೆ. ಮೂರನೇ ತಂಡವನ್ನು ನೀವು ಯಾಕೆ ಕರೆದಿರಿ? ನಿಮಗೆ ಬೇಡವಾದ ಸಂಬಳವನ್ನು ಹೊರಲು. ಮ್ಯಾರಿನರ್ಸ್ ಇಬ್ಬರು ಒಳ್ಳೆ ಹುಡುಗರನ್ನು ಕೊಟ್ಟು, ಮೂವತ್ತೈದು ದಾಟಿದ, ಗಾಯಗಳಿಂದ ಪದೇ ಪದೇ ಹೊರಗೆ ಕೂರುವ ಹಿಟ್ಟರ್ ಒಬ್ಬರನ್ನು ಯಾಕೆ ತಗೋಬೇಕು? ಮೂರನೇ ತಂಡ ಬೇಕಾಗುವುದು ಮಾರುವವನಿಗೆ ಬೇಕಾದ್ದು ಕೊಳ್ಳುವವನ ಬಳಿ ಇಲ್ಲದಾಗ. ಅದು ಮೂರನೆಯವನ ಬಳಿ ಇದ್ದು, ಅವನಿಗೆ ಬೇಕಾದ್ದು ಕೊಳ್ಳುವವನ ಬಳಿ ಇದ್ದರೆ ಚಕ್ರ ತಿರುಗುತ್ತದೆ. ಇಲ್ಲದಿದ್ದರೆ ಫೋನ್ ಇಟ್ಟುಬಿಡುತ್ತಾರೆ.

2014ರ ಜುಲೈ 31 ನೆನಪಿಸಿಕೊಳ್ಳಿ. ಟ್ರೇಡ್ ಗಡುವಿನ ದಿನ. ಡೆಟ್ರಾಯ್ಟ್‌ನಲ್ಲಿ ಮಧ್ಯಾಹ್ನದ ಪಂದ್ಯ ಏಳನೇ ಇನಿಂಗ್ಸ್‌ನಲ್ಲಿದೆ, ಆಸ್ಟಿನ್ ಜಾಕ್ಸನ್ ಸೆಂಟರ್ ಫೀಲ್ಡ್‌ನಲ್ಲಿ ನಿಂತಿದ್ದಾರೆ, ಇನಿಂಗ್ಸ್ ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಒಳಗೆ ಬಾ ಅಂತ ಕರೆ. ಜನಕ್ಕೆ ಅರ್ಥವಾಯಿತು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತು ಟ್ಯಾಂಪಾ ಬೇ ತಂಡದ ಪಿಚರ್ ಡೇವಿಡ್ ಪ್ರೈಸ್ ಡೆಟ್ರಾಯ್ಟ್‌ಗೆ ಬಂದರು. ಜಾಕ್ಸನ್ ಸಿಯಾಟಲ್‌ಗೆ ಹೋದರು. ಸಿಯಾಟಲ್‌ನಿಂದ ನಿಕ್ ಫ್ರಾಂಕ್ಲಿನ್, ಡೆಟ್ರಾಯ್ಟ್‌ನಿಂದ ಡ್ರೂ ಸ್ಮೈಲಿ ಮತ್ತು 18ರ ಹುಡುಗ ವಿಲ್ಲಿ ಅಡಾಮಿಸ್ ಟ್ಯಾಂಪಾ ಬೇಗೆ. ಸಿಯಾಟಲ್‌ಗೆ ಸೆಂಟರ್ ಫೀಲ್ಡರ್ ಬೇಕಿತ್ತು, ಸಿಕ್ಕಿತು. ಯಾರೂ ಬರಿಗೈಲಿ ಹೋಗಲಿಲ್ಲ. ತಮಾಷೆ ಏನಂದ್ರೆ ಜಾಕ್ಸನ್ ಡೆಟ್ರಾಯ್ಟ್‌ಗೆ ಬಂದಿದ್ದೂ ಮೂರು ತಂಡಗಳ ಟ್ರೇಡ್‌ನಲ್ಲೇ, 2009ರ ಡಿಸೆಂಬರ್‌ನಲ್ಲಿ, ನಿಮ್ಮ ಯಾಂಕೀಸ್‌ನಿಂದ. ಅದರಲ್ಲೇ ಅರಿಜೋನಾದಿಂದ ಮ್ಯಾಕ್ಸ್ ಶೆರ್ಜರ್ ಅನ್ನುವ ಹುಡುಗನೂ ಡೆಟ್ರಾಯ್ಟ್‌ಗೆ ಬಂದ. 2013ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಪ್ರೈಸ್? ಒಂದು ವರ್ಷವೂ ತುಂಬುವ ಮೊದಲೇ ಡೆಟ್ರಾಯ್ಟ್ ಅವರನ್ನು ಟೊರಾಂಟೊಗೆ ಕೊಟ್ಟಿತು. ಅಡಾಮಿಸ್ ಮಾತ್ರ ಟ್ಯಾಂಪಾ ಬೇಗೆ ಶಾರ್ಟ್‌ಸ್ಟಾಪ್ ಆಗಿ 2020ರಲ್ಲಿ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಆಡಿದರು.

ಇನ್ನು ಸ್ಕೀನ್ಸ್ ಬೆಲೆ. 2025ರಲ್ಲಿ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ಸರಾಸರಿ ರನ್, ಕಡಿಮೆಯಾದಷ್ಟೂ ಒಳ್ಳೆಯದು) 1.97, ಸೈ ಯಂಗ್ ಪ್ರಶಸ್ತಿ, ಮೂಲ ಸಂಬಳ 10 ಲಕ್ಷ ಡಾಲರ್‌ಗೂ ಕಡಿಮೆ. 2029ರ ಸೀಸನ್ ಮುಗಿಯುವವರೆಗೂ ಪೈರೇಟ್ಸ್ ಕೈಲೇ ಇರುತ್ತಾರೆ. ಪ್ರೈಸ್‌ನನ್ನು ಮಾರುವಾಗ ಟ್ಯಾಂಪಾ ಬೇಗೆ ಅವರ ಮೇಲೆ ಉಳಿದಿದ್ದ ಹಕ್ಕು ಒಂದೂ ಚಿಲ್ಲರೆ ಸೀಸನ್‌ನದು. ಲೆಕ್ಕ ನೀವೇ ಹಾಕಿ. ಪೈರೇಟ್ಸ್‌ಗೆ ಹಳೆ ಗಾಯ ಬೇರೆ ಇದೆ. 2018ರ ಜನವರಿಯಲ್ಲಿ ಪಿಚರ್ ಗೆರಿಟ್ ಕೋಲ್‌ನನ್ನು ನಾಲ್ವರು ಆಟಗಾರರ ಬದಲಿಗೆ ಹ್ಯೂಸ್ಟನ್‌ಗೆ ಕೊಟ್ಟರು. ಮರುವರ್ಷವೇ ಅವನು 326 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಹಿಟ್ಟರ್ ಔಟ್) ಮಾಡಿದ. ಆಮೇಲೆ 32.4 ಕೋಟಿ ಡಾಲರ್ ಕೊಟ್ಟು ಅವನನ್ನು ಕೊಂಡವರು ಯಾರು ಅಂತ ನಿಮಗೆ ಗೊತ್ತೇ ಇದೆ, ನಿಮ್ಮ ಯಾಂಕೀಸೇ!

ಇನ್ನೊಂದು. ಪೈರೇಟ್ಸ್‌ಗೆ ಪಿಚರ್‌ಗಳನ್ನು ಕೊಡ್ತೀನಿ ಅಂದಿದ್ದೀರಿ. ಇಆರ್‌ಎ ಎರಡಕ್ಕಿಂತ ಕೆಳಗಿದ್ದ ಸ್ಕೀನ್ಸ್ ಆ ವರ್ಷ ಗೆದ್ದದ್ದು 10, ಸೋತದ್ದೂ 10. ಅಂದರೆ ಅವರ ತಂಡ ಸಾಕಷ್ಟು ರನ್ ಹೊಡೆಯಲಿಲ್ಲ, ಅಲ್ಲಿ ಕೊರತೆ ಬ್ಯಾಟಿನದ್ದು. ಹಾಗಾಗಿ ತಿರುಗಿಸಿ ಬರೆಯಿರಿ: ಸಿಯಾಟಲ್ ಕೊಡಬೇಕಾದ್ದು ಎಳೆಯ ಹಿಟ್ಟರ್‌ಗಳನ್ನು, ನೀವು ಸಿಯಾಟಲ್‌ಗೆ ಕೊಡಬೇಕಾದ್ದು ಈಗಲೇ ಆಡಬಲ್ಲವನನ್ನು. ನಿಮ್ಮ ಎಳೆಯ ಹಿಟ್ಟರ್ ಜಾಸ್ಸನ್ ಡೊಮಿಂಗೆಜ್ ಹೆಸರು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ, ಅವನನ್ನು ಬಚ್ಚಿಟ್ಟಿದ್ದೀರಿ ಅಂತ ನನಗೆ ಅನುಮಾನ. ಅವನನ್ನು ಈಚೆ ತೆಗೆಯಿರಿ, ಜೋನ್ಸ್ ಪೈರೇಟ್ಸ್‌ಗೇ ಇರಲಿ, ಇನ್ನೂ ಒಂದೆರಡು ಒಳ್ಳೆ ಹೆಸರು ಸೇರಿಸಿ. ಆಗಲೂ ಪಿಟ್ಸ್‌ಬರ್ಗ್ ಬೇಡ ಅನ್ನಬಹುದು. ಆದರೆ ಗೆಳೆಯರು ನಗುವುದಿಲ್ಲ.