ಈಸ್ಟರ್‌ಗೆ ಲಿಲ್-ಸುರ್-ಲಾ-ಸೋರ್ಗ್‌ನಲ್ಲಿ ರೂಮ್ ಸಿಗ್ತಿಲ್ಲ: ಪ್ರತಿಕ್ರಿಯೆ

ದಕ್ಷಿಣ ಫ್ರಾನ್ಸ್‌ನ ಲಿಲ್-ಸುರ್-ಲಾ-ಸೋರ್ಗ್‌ನಲ್ಲಿ ನಾಲ್ಕು ದಿನಕ್ಕೆ ಎಲ್ಲೂ ರೂಮ್ ಸಿಗ್ತಿಲ್ಲ ಅಂದಿರಿ. ನೀವು ಆರಿಸಿದ್ದು ಈಸ್ಟರ್ ವಾರಾಂತ್ಯ, ಬಹುಶಃ ಅದೇ ಕಾರಣ. ಆಗ ಅಲ್ಲಿ ಹಳೆ ಸಾಮಾನುಗಳ ದೊಡ್ಡ ಸಂತೆ ನಡೆಯುತ್ತದೆ, ಪುಟ್ಟ ಊರು ತುಂಬಿಹೋಗುತ್ತದೆ.

ಮೊದಲು ತಾರೀಖನ್ನು ಒಂದೆರಡು ವಾರ ಮುಂದಕ್ಕೆ ಹಾಕಿ ನೋಡಿ. ರಜೆ ಬದಲಿಸಲು ಆಗದಿದ್ದರೆ ಹತ್ತಿರದ ನಗರ ಆವಿನ್ಯೋನ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಅಷ್ಟೇ. ಒಂದು ಎಚ್ಚರ: ಪ್ಯಾರಿಸ್‌ನಿಂದ ಬರುವ ವೇಗದ ರೈಲು (ಟಿಜಿವಿ) ಸಾಮಾನ್ಯವಾಗಿ ಊರಾಚೆಯ ಟಿಜಿವಿ ಸ್ಟೇಷನ್‌ನಲ್ಲಿ ಇಳಿಸುತ್ತದೆ. ಲೋಕಲ್‌ಗೆ ಸೆಂಟರ್ ಸ್ಟೇಷನ್‌ಗೆ ಹೋಗಬೇಕು. ಎರಡರ ನಡುವೆ ಐದಾರು ನಿಮಿಷದ ಶಟಲ್ ರೈಲಿದೆ. ನಾನು ಎಡವಿದ್ದೇ ಇಲ್ಲಿ.

ಆಮೇಲೆ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ. ಲಿಲ್-ಸುರ್-ಲಾ-ಸೋರ್ಗ್‌ನಲ್ಲಿ ಅವತ್ತು ನಡೆಯುವ ವಾರದ ಸಂತೆ ಮಧ್ಯಾಹ್ನದ ಹೊತ್ತಿಗೆ ಗಂಟುಮೂಟೆ ಕಟ್ಟುತ್ತದೆ, ಒಂಬತ್ತರೊಳಗೆ ತಲುಪಿ. ಇನ್ನೊಂದು ದಿನ 7 ಕಿ.ಮೀ. ದೂರದ ಫಾಂಟೇನ್-ದ-ವೋಕ್ಲ್ಯೂಸ್‌ಗೆ ಹೋಗಿ. ಸೋರ್ಗ್ ನದಿ ಹುಟ್ಟುವ ಬುಗ್ಗೆ ಅದು. ವಸಂತದಲ್ಲಿ ನೀರು ಜಾಸ್ತಿ, ಮಳೆ ಕಡಿಮೆಯಾದ ವರ್ಷ ಸಪ್ಪೆ ಅನ್ನಿಸಬಹುದು.

ಲ್ಯಾವೆಂಡರ್ ಆಸೆ ಬಿಡಿ, ಅದು ಅರಳುವುದು ಜೂನ್ ಕೊನೆಗೆ. ಗಾಳಿ ತಡೆಯುವ ಜಾಕೆಟ್ ಮಾತ್ರ ಇರಲಿ. ಬಿಸಿಲಿದ್ದರೂ ಉತ್ತರದಿಂದ ಬರುವ ಮಿಸ್ಟ್ರಲ್ ಅನ್ನೋ ಚಳಿಗಾಳಿ ಬೀಸಿತೋ, ನಡುಗಿಸಿಬಿಡುತ್ತದೆ. ವೀಸಾಗೆ ಪ್ರಯಾಣದ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ರದ್ದು ಮಾಡಬಹುದಾದ ರೂಮನ್ನು ಇವತ್ತೇ ಹಿಡಿದಿಡಿ.